ರೆಕ್ಕೆಯ ಮೇಲಿನ ಕೆಂಪು ಪಟ್ಟಿ

ಮುಂಬೈಯ ಬೈಕುಲ್ಲಾದಲ್ಲಿ ಹಾಶಿಮನ ಆಟದ ವಿಮಾನಗಳ ಅಂಗಡಿಯ ಮುಂದೆ ನಿಂತು ಶಿವಕುಮಾರಿ ಆಡಿದ ಮೊದಲ ಮಾತೇ ಸುಳ್ಳು.

“ನಮ್ಮ ತಂಗಿ ಮಗಗ ಒಂದು ಇಮಾನ ಬೇಕಾಗಿತ್ತರಿ. ರಿಮೋಟಿಂದ ಹಾರಸೂದು.”

“ಹುಡುಗ ಎಷ್ಟು ದೊಡ್ಡಾವ ಅದಾನ?” ಎಂದು ಹಾಶಿಮ ಕೇಳಿದ.

ಶಿವಕುಮಾರಿಗೆ ತಂಗಿಯೇ ಇರಲಿಲ್ಲ. ಇಲ್ಲದ ತಂಗಿಯ ಇಲ್ಲದ ಮಗನಿಗೆ ಎಷ್ಟು ವಯಸ್ಸು ಹೇಳಬೇಕೆಂದು ತಡವರಿಸುತ್ತಿರುವಾಗ ಪಕ್ಕದಲ್ಲಿದ್ದ ಯಾಸ್ಮೀನ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕಳು. “ಯಾವ ಹುಡುಗನೂ ಇಲ್ಲ ಭಾಯಿ. ಇಮಾನ ಈ ಅಕ್ಕಗ ಬೇಕು, ನನಗ ಬೇಕು. ನಾವಿಬ್ಬರೂ ಹಾರಸೋರು.”

ಶಿವಕುಮಾರಿಯ ಕಿವಿ ಬಿಸಿಯಾಯಿತು. ಇಬ್ಬರೂ ನಲವತ್ತು ದಾಟಿದ ಹೆಂಗಸರು. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ತಿರುಗಿ ನೋಡಿದರು. ಹಾಶಿಮ ಮಾತ್ರ ನಗಲಿಲ್ಲ. ಇಂಡಿ ಕಡೆಯವನು, ಕನ್ನಡ ಕೇಳಿ ಮುಖ ಅರಳಿಸಿದ್ದ. “ಹಂಗಾದ್ರ ಕೂಡ್ರಿ,” ಎಂದು ಎರಡು ಸ್ಟೂಲು ಎಳೆದು ಹಾಕಿದ.

ಗೋರೆಗಾಂವ್‌ನ ಒಂದು ಸ್ಟುಡಿಯೊದಲ್ಲಿ ಸಿನಿಮಾದವರಿಗೂ ಜಾಹೀರಾತಿನವರಿಗೂ ಬಟ್ಟೆ ಹೊಲಿಯುವುದು ಅವರಿಬ್ಬರ ಕೆಲಸ. ಶಿವಕುಮಾರಿ ಯಾದಗಿರಿ ಕಡೆಯವಳು, ಯಾಸ್ಮೀನ ವಿಜಾಪುರದವಳು. ಎದುರುಬದುರು ಮಶೀನು. ಹಿಂದಿ ಮರಾಠಿಯ ಗದ್ದಲದ ನಡುವೆ ಒಬ್ಬರಿಗೊಬ್ಬರು ಕನ್ನಡದಲ್ಲಿ ಬೈದುಕೊಳ್ಳಬಹುದು ಎಂಬ ಸುಖಕ್ಕೇ ಶುರುವಾದ ಗೆಳೆತನ ಅದು. ಮಳೆಗಾಲ ಮುಗಿಯುತ್ತ ಬಂದಾಗ ಸೀರೆಯ ಜಾಹೀರಾತೊಂದಕ್ಕಾಗಿ ಪುಟ್ಟ ವಿಮಾನದ ಬಾಲಕ್ಕೆ ಕಟ್ಟಲು ಉದ್ದನೆಯ ನೀಲಿ ರೇಷ್ಮೆ ಪಟ್ಟಿ ಬೇಕಾಗಿತ್ತು. ಭಾರವಾಗಬಾರದು, ಸಿಕ್ಕಾಗಬಾರದು. ಇಬ್ಬರೂ ಸೇರಿ ಹೊಲಿದರು. ಅದು ಹೇಗೆ ಹಾರುತ್ತದೋ ನೋಡೋಣವೆಂದು ಹೊರಗೆ ಬಂದು ನಿಂತರು. ವಿಮಾನ ಎದ್ದಿತು, ಅವರು ಹೊಲಿದ ನೀಲಿ ಅದರ ಹಿಂದೆ ಹರಿದು ಹೋಯಿತು. ಯಾಸ್ಮೀನ ಶಿವಕುಮಾರಿಯ ರಟ್ಟೆ ಹಿಡಿದವಳು ಬಿಡಲೇ ಇಲ್ಲ. “ಅಕ್ಕಾ, ನಮ್ಮದೊಂದು ಇರಬೇಕು,” ಎಂದಳು. ಅದೇ ಮಾತು ಶಿವಕುಮಾರಿಯ ನಾಲಿಗೆಯ ತುದಿಯಲ್ಲೂ ಇತ್ತು. ಹೇಳಲು ನಾಚಿಕೆ, ಅಷ್ಟೆ.

ಅಂಗಡಿಯಲ್ಲಿ ಅವಳ ಕಣ್ಣು ಮೇಲಿನ ಗೂಟಕ್ಕೆ ತೂಗುಹಾಕಿದ್ದ ಕೆಂಪು ಯುದ್ಧವಿಮಾನದ ಮೇಲೆ ಬಿತ್ತು. ಚೂಪು ಮೂತಿ, ಹೊಟ್ಟೆಯ ಕೆಳಗೆ ಬೆಂಕಿಬಣ್ಣದ ರೆಕ್ಕೆ.

“ಅದು ಬ್ಯಾಡ್ರಿ ಅಕ್ಕಾರ,” ಎಂದ ಹಾಶಿಮ. “ಅದು ರೇಸಿನ ಕುದರಿ. ಹತ್ತೂದು ಕಲಿಯಾಕ ಎಮ್ಮಿ ಬೇಕು.” ಒಳಗಿನಿಂದ ಉದ್ದ ರಟ್ಟಿನ ಪೆಟ್ಟಿಗೆ ತಂದು ಬಿಚ್ಚಿದ. ಬಿಳಿ ಹಳದಿ ಬಣ್ಣದ, ಥರ್ಮೋಕೋಲಿನಂಥ ಹಗುರ ತುಂಡುಗಳು. “ಇದರ ರೆಕ್ಕಿ ಬೆನ್ನ ಮ್ಯಾಲ ಕೂಡ್ತೈತಿ. ತುದಿ ಸ್ವಲ್ಪ ಮ್ಯಾಕ ಎದ್ದಾವ ನೋಡ್ರಿ. ನಿಮ್ಮ ಕೈ ಗಾಬರಿ ಬಿದ್ದು ಸುಮ್ಮನಾದ್ರೂ ಇದು ತಾನಾಗೇ ನೆಟ್ಟಗಾಗ್ತೈತಿ. ಸಾವಕಾಶ ಹಾರ್ತೈತಿ. ಬಿದ್ರ ಅಂಟು ಹಚ್ಚಬಹುದು.”

ಯಾಸ್ಮೀನಳಿಗೆ ಎಮ್ಮೆಯೇ ಇಷ್ಟವಾಯಿತು. ಶಿವಕುಮಾರಿ ಕೆಂಪಿನ ಕಡೆ ಇನ್ನೊಮ್ಮೆ ನೋಡಿ ಒಪ್ಪಿಕೊಂಡಳು. ಹಾಶಿಮ ಪೆಟ್ಟಿಗೆ ಕಟ್ಟುತ್ತ ಎರಡು ಮಾತು ಹೇಳಿದ. ಮುಂಬೈಯೊಳಗೆ ಪರವಾನಗಿ ಇಲ್ಲದೆ ಎಲ್ಲೂ ಹಾರಿಸಬಾರದು, ಏರ್‌ಪೋರ್ಟಿನ ಸರಹದ್ದು ಅದು. ನಾವು ಕೆಲವರು ಟಿಟ್ವಾಳಾದ ಆಚೆ ಪರಿಚಯದವರ ಹೊಲಕ್ಕೆ ಭಾನುವಾರ ಹೋಗುತ್ತೇವೆ, ಅಲ್ಲಿಗೆ ಬನ್ನಿ. ಇನ್ನೊಂದು, ಮೂತಿಗೆ ಪಂಖಾ ಹಾಕಿದ ಮೇಲೆ ಮನೆಯೊಳಗೆ ಬ್ಯಾಟರಿ ಜೋಡಿಸಬಾರದು. “ಮಿಕ್ಸರಿನ್ಯಾಗ ಕೈ ಹಾಕಿದಂಗ ಅಕ್ಕೈತಿ,” ಎಂದ.

ಬೈಕುಲ್ಲಾದ ಯಾಸ್ಮೀನಳ ಖೋಲಿಯಲ್ಲಿ ಅವಳು ‘ಅಮ್ಮಿ’ ಎನ್ನುವ ಅತ್ತೆ ಬೀಬೀಜಾನಳ ಮಂಚ ಹಾಕಿದರೆ ಉಳಿಯುವುದು ನಡೆದಾಡುವಷ್ಟು ಜಾಗ. ಯಾಸ್ಮೀನಳ ಗಂಡ ಮಸ್ಕತ್‌ನಲ್ಲಿ ಗಾಡಿ ಓಡಿಸುತ್ತಿದ್ದ. ಶಿವಕುಮಾರಿಯ ಗಂಡ ಶರಣು ಟೈಲ್ಸ್ ಕೂರಿಸುವ ಕೆಲಸಕ್ಕೆ ಪುಣೆಗೆ ಹೋದವನು ಹಬ್ಬಕ್ಕೇ ಬರುವುದು. ಮಗಳು ಮದುವೆಯಾಗಿ ಹೋಗಿದ್ದಳು. ಹೀಗಾಗಿ ವಿಮಾನದ ಪೆಟ್ಟಿಗೆ ಗೋರೆಗಾಂವ್‌ನ ಶಿವಕುಮಾರಿಯ ಚಾಳಿನ ಖೋಲಿಗೇ ಬಂತು. ಫೋನಿನಲ್ಲಿ ಸುದ್ದಿ ಕೇಳಿದ ಶರಣು, “ಮಮ್ಮಗನ್ನ ಆಡಸೂ ವಯಸ್ಸಿನಾಗ ನೀನ ಆಡಾಕತ್ತಿ?” ಎಂದು ನಕ್ಕ. ಅಂದಿನಿಂದ ನೆರೆಹೊರೆಯವರು ಕೇಳಿದರೆ ಅವಳು “ಸ್ಟುಡಿಯೋದ ಸಾಮಾನು” ಎನ್ನುತ್ತಿದ್ದಳು.

ರಜೆ ಸಿಕ್ಕಾಗಲೆಲ್ಲ ಯಾಸ್ಮೀನ ಬರುತ್ತಿದ್ದಳು. ನೆಲದ ಮೇಲೆ ಹಳೆಯ ಚಾದರ ಹಾಸಿ, ಬಾಗಿಲು ಮುಂದೆ ಮಾಡಿ ಇಬ್ಬರೂ ಕೂರುತ್ತಿದ್ದರು. ಬಾಲದ ತುಂಡುಗಳನ್ನು ಅಂಟಿಸಿ, ಒಣಗುವವರೆಗೆ ಒಬ್ಬರು ಹಿಡಿದು ಕೂತರೆ ಇನ್ನೊಬ್ಬರು ಚಹಾ ಕುಡಿಸುವುದು. ಬಾಲದ ಪಟ್ಟಿಗಳನ್ನು ಎಳೆದು ಬಿಡುವ ಪುಟ್ಟ ಮೋಟಾರುಗಳಿಗೆ ತಂತಿ ಸಿಕ್ಕಿಸುವಾಗ ಯಾಸ್ಮೀನ ಸೂಜಿಗೆ ದಾರ ಪೋಣಿಸುವವಳಂತೆ ಒಂದು ಕಣ್ಣು ಮುಚ್ಚುತ್ತಿದ್ದಳು. ಎರಡು ರೆಕ್ಕೆಗಳನ್ನೂ ಕೂಡಿಸುವುದು ಒಳಗೆ ಅಡ್ಡಲಾಗಿ ಹೋಗುವ ಒಂದು ಕಪ್ಪು ಕಡ್ಡಿ. ಬೆರಳಿಗಿಂತ ತೆಳ್ಳಗೆ, ಆದರೆ ಹಾರುವಾಗ ಇಡೀ ಭಾರ ಹೊರುವುದು ಅದೇ. ಕಡೆಗೆ ರೆಕ್ಕೆಯಡಿ ಎರಡು ಕಡೆ ಬೆರಳು ಕೊಟ್ಟು ಎತ್ತಿ ನೋಡಿದರು. ಮೂತಿ ಮೇಲೆದ್ದಿತು. ಬ್ಯಾಟರಿಯನ್ನು ಕೊಂಚ ಮುಂದಕ್ಕೆ ಸರಿಸಿದರು. ಈಗ ಮೂತಿ ತುಸುವೇ ಬಾಗಿ ನಿಂತಿತು.

“ತಕ್ಕಡಿ ಆತು,” ಎಂದಳು ಯಾಸ್ಮೀನ. “ಇತ್ವಾರ ಹೋಗೂಣು. ಅಮ್ಮೀನೂ ಬರ್ತೀನಿ ಅಂದಾಳ.”

ಆ ವಾರದ ನಡುವೆ ಶೂಟಿಂಗ್ ನಿಂತು ಮಧ್ಯಾಹ್ನವೇ ಬಿಟ್ಟರು. ಯಾಸ್ಮೀನ ಅತ್ತೆಯನ್ನು ದವಾಖಾನೆಗೆ ಕರೆದೊಯ್ಯಬೇಕೆಂದು ಓಡಿದಳು. ಶಿವಕುಮಾರಿ ಮನೆಗೆ ಬಂದು ಊಟ ಮಾಡಿ ವಿಮಾನದ ಮೇಲಿನ ಚಾದರ ಸರಿಸಿದಳು. ಸುಮ್ಮನೆ ನೋಡಲೆಂದು. ಆಮೇಲೆ ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಳ್ಳಲೆಂದು. ಆಮೇಲೆ ಹಾಶಿಮ ಹೇಳಿದ್ದು ನೆನಪಿದ್ದೂ, ಪಂಖಾ ಬಿಚ್ಚದೆ, ರಿಮೋಟು ಹಚ್ಚಿ ಬ್ಯಾಟರಿ ಜೋಡಿಸಿದಳು. ರಿಮೋಟಿನ ಹಿಡಿಯನ್ನು ಉಗುರಿನಷ್ಟು ಮೇಲೆ ತಳ್ಳಿದರೆ ಪಂಖಾ ಗುಂಯ್ ಎಂದಿತು. ಮುಖಕ್ಕೆ ಗಾಳಿ ಬಂತು, ಕೂದಲು ಹಾರಿತು. ಖೋಲಿಯಲ್ಲಿ ಒಬ್ಬಳೇ ಕೂತು ಅವಳು ನಕ್ಕಳು. ಅದೇ ಗಳಿಗೆಗೆ ಜಾರಿದ ಸೆರಗನ್ನು ಎಳೆದುಕೊಳ್ಳಲು ಹೋದಳು, ಸೆರಗು ರಿಮೋಟಿನ ಹಿಡಿಗೆ ಸಿಕ್ಕಿ ಅದನ್ನು ಪೂರ್ತಿ ಮೇಲಕ್ಕೆ ಎಳೆಯಿತು.

ವಿಮಾನ ತೊಡೆಯಿಂದ ಹಾರಿ ಅವಳ ಮುಂಗೈ ಗೀರಿಕೊಂಡು ಹೋಗಿ ಕಬ್ಬಿಣದ ಕಪಾಟಿನ ಮೂಲೆಗೆ ರೆಕ್ಕೆ ಬಡಿದು ಬಿತ್ತು.

ಕೈಯಿಂದ ರಕ್ತ ಸೋರುತ್ತಿದ್ದರೂ ಅವಳು ಮೊದಲು ನೋಡಿದ್ದು ರೆಕ್ಕೆಯನ್ನು. ಎಡರೆಕ್ಕೆ ಬುಡದ ಹತ್ತಿರ ಅರ್ಧ ಹರಿದಿತ್ತು. ಒಳಗಿನ ಕಪ್ಪು ಕಡ್ಡಿ ಹೊರಗೆಳೆದರೆ ಉದ್ದಕ್ಕೂ ಸೀಳಿತ್ತು, ಬಾಗಿಸಿದರೆ ಹಸಿ ಬಿದಿರಿನಂತೆ ಕರಕರ ಎನ್ನುತ್ತಿತ್ತು.

ಹಾಶಿಮನಿಗೊಂದು ಫೋನು ಮಾಡಿದ್ದರೆ ಹೊಸ ಕಡ್ಡಿ ಬರುತ್ತಿತ್ತು. ಆದರೆ ಅವನು ಏನಾಯಿತೆಂದು ಕೇಳುತ್ತಿದ್ದ, ಯಾಸ್ಮೀನಳಿಗೂ ಹೇಳುತ್ತಿದ್ದ. ಸ್ಟುಡಿಯೋದ ಹೊಲಿಗೆ ವಿಭಾಗ ನೋಡಿಕೊಳ್ಳುವ, ಕರಾವಳಿ ಕಡೆಯ ಮಾಸ್ತರ್ ದೂಜ ಹೊಸಬರಿಗೆಲ್ಲ ಹೇಳುತ್ತಿದ್ದ ಮಾತು, ‘ಶಿವಕುಮಾರಿ ಹೊಲಿದದ್ದನ್ನು ಎರಡನೇ ಸಲ ನೋಡುವುದು ಬೇಡ.’ ಆ ಶಿವಕುಮಾರಿ ಬೇಡವೆಂದದ್ದನ್ನೇ ಮಾಡಿ, ಗೆಳತಿಯನ್ನು ಬಿಟ್ಟು ಕದ್ದು ಆಡಿ, ಮುರಿದಳು ಎಂದು ಹೇಗೆ ಹೇಳುವುದು? ಅವಳು ಸೀಳಿದ ಕಡ್ಡಿಗೆ ಮೇಣದ ದಾರ ಬಿಗಿಯಾಗಿ ಸುತ್ತಿ ಅಂಟು ಸವರಿದಳು. ರೆಕ್ಕೆಯ ಸೀಳಿಗೆ ಅಂಟು ತುಂಬಿ ಒತ್ತಿ ಹಿಡಿದಳು. ಆದರೂ ಗೆರೆ ಕಂಡಿತು. ಸ್ಟುಡಿಯೋದಿಂದ ತಂದಿದ್ದ ಕೆಂಪು ಟೇಪು ತೆಗೆದು ಗೆರೆಯ ಮೇಲೆ ಅಗಲವಾಗಿ ಒಂದು ಪಟ್ಟಿ ಎಳೆದಳು. ಒಂದೇ ಕಡೆ ಇದ್ದರೆ ಅನುಮಾನವೆಂದು ಬಲರೆಕ್ಕೆಗೂ ಅಂಥದೇ ಪಟ್ಟಿ. ಚೆನ್ನಾಗಿಯೇ ಕಂಡಿತು. ಅವಳು ಬೇಗ ಅದರ ಮೇಲೆ ಚಾದರ ಎಳೆದಳು.

ಭಾನುವಾರ ಬೆಳಿಗ್ಗೆ ದಾದರ್ ಸ್ಟೇಷನ್ನಿನಲ್ಲಿ ಚಾದರ ಸರಿಸಿ ನೋಡಿದ ಯಾಸ್ಮೀನ ಅಲ್ಲೇ ಕುಣಿದಳು. “ಹಾಯ್ ಅಕ್ಕಾ! ನೀ ಕೆಂಪು ಮರೀಲೇ ಇಲ್ಲ! ಎಷ್ಟು ಚಂದ ಮಾಡಿದಿ! ಕೈಗೇನಾತು?”

“ಕತ್ತರಿ ತಾಗ್ತು,” ಎಂದಳು ಶಿವಕುಮಾರಿ.

ಟಿಟ್ವಾಳಾದಲ್ಲಿ ಇಳಿದು ರಿಕ್ಷಾ ಹಿಡಿದು ಹೋದರೆ ಭತ್ತ ಕೊಯ್ದು ಬಿಟ್ಟ ವಿಶಾಲವಾದ ಹೊಲ. ಹಾಶಿಮ ಆಗಲೇ ಬಂದಿದ್ದ. ಬೀಬೀಜಾನಳಿಗೆ ಮಾವಿನ ಮರದ ಕೆಳಗೆ ಚಾಪೆ ಹಾಸಿ ಕೂರಿಸಿದರು. ಮುದುಕಿಗೆ ಕಿವಿ ಮಂದ, ಕಣ್ಣು ಮಾತ್ರ ಗಿಡುಗನದು. ಹಾಶಿಮ ಬಾಲದ ಪಟ್ಟಿಗಳನ್ನು ಅಲುಗಾಡಿಸಿ ನೋಡಿದ, ತಕ್ಕಡಿ ನೋಡಿದ. ಕೆಂಪು ಪಟ್ಟಿಯ ಮೇಲೆ ಬೆರಳಾಡಿಸಿ, “ಇದೇನ್ರಿ?” ಎಂದ.

“ಚಂದ ಕಾಣಲಿ ಅಂತ,” ಎಂದಳು ಶಿವಕುಮಾರಿ. ಈಗ ಹೇಳಬಹುದಿತ್ತು. ಹಾಶಿಮ ತಲೆಯಾಡಿಸಿ ವಿಮಾನವನ್ನು ಗಾಳಿಗೆದುರಾಗಿ ತೂರಿದ.

ಅದು ಎದ್ದಿತು. ಹಾಶಿಮ ಸುತ್ತು ಹಾಕಿಸಿದ, ಏರಿಸಿದ, ಇಳಿಸಿದ. ರೆಕ್ಕೆ ಗಟ್ಟಿಯಾಗಿ ನಿಂತಿತು. ಶಿವಕುಮಾರಿಗೆ ಹೋದ ಜೀವ ಬಂದಂತಾಗಿ, ದಾರ ಹಿಡಿದಿದೆ, ದೇವರು ದೊಡ್ಡವನು ಎಂದುಕೊಂಡಳು. ಹಾಶಿಮ ಮೇಲೆ ನೋಡುತ್ತಲೇ ಕೇಳಿದ, “ಈಗ ಯಾರು ಹಿಡೀತೀರಿ?”

“ಅಕ್ಕಾ, ನೀ ದೊಡ್ಡಾಕಿ, ನೀ ಹಿಡಿ,” ಎಂದಳು ಯಾಸ್ಮೀನ.

“ಬ್ಯಾಡ. ನೀನ ಮೊದಲ ಹಿಡಿ,” ಎಂದಳು ಶಿವಕುಮಾರಿ.

ಯಾಸ್ಮೀನ ಅವಳ ಗಲ್ಲ ಮುಟ್ಟಿ ಬೆರಳಿಗೆ ಮುತ್ತಿಟ್ಟು ರಿಮೋಟು ತೆಗೆದುಕೊಂಡಳು. ಮೊದಮೊದಲು ವಿಮಾನ ಕುಡಿದವನಂತೆ ತೂರಾಡಿತು. ತನ್ನ ಕಡೆಗೇ ಮುಖ ಮಾಡಿ ಬಂದಾಗ ಎಡಬಲ ತಿರುವುಮುರುವಾಗಿ ಅವಳು ಕಿರುಚಿದಳು. ಹಾಶಿಮ ಹೇಳಿಕೊಟ್ಟ. ಸ್ವಲ್ಪ ಹೊತ್ತಿಗೆ ಅವಳ ಭುಜ ಇಳಿಯಿತು, ಉಸಿರು ಸರಾಗವಾಯಿತು. ವಿಮಾನ ಹೊಲದ ಮೇಲೆ ದೊಡ್ಡ ದುಂಡನೆಯ ಸುತ್ತು ಬಂತು. “ಅಮ್ಮೀ, ನೋಡ್ರೀ!” ಎಂದು ಕೂಗಿದಳು. ಮುದುಕಿ ಎರಡೂ ಕೈ ಎತ್ತಿದಳು.

ಆಮೇಲೆ ಮೂತಿ ಕೆಳಗಾಯಿತು. ಹೊಸಬರಿಗೆಲ್ಲ ಆಗುವಂಥದೇ. “ಸಾವಕಾಶ ಎಳೀರಿ ಆಪಾ,” ಎಂದ ಹಾಶಿಮ. ಯಾಸ್ಮೀನ ರಿಮೋಟಿನ ಹಿಡಿ ಎಳೆದಳು. ತುಸು ಜೋರಾಯಿತು. ಮೇಲೆ ಪಟ್ ಎಂಬ ಸದ್ದು. ಎಡರೆಕ್ಕೆ ಮಡಚಿಕೊಂಡು ವಿಮಾನ ಸುತ್ತುತ್ತ ಬಂದು ಹೊಲದ ಆಚೆ ತುದಿಯಲ್ಲಿ ಬಿತ್ತು.

ಎಲ್ಲರಿಗಿಂತ ಮೊದಲು ಓಡಿದವಳು ಶಿವಕುಮಾರಿ. ಪಾಪ, ಎಷ್ಟು ಸಂಕಟವೋ ಎಂದುಕೊಂಡಿರಬೇಕು ಉಳಿದವರು. ಕೂಳೆ ಚುಚ್ಚುತ್ತಿದ್ದರೂ ಲೆಕ್ಕಿಸದೆ ಹೋಗಿ, ರೆಕ್ಕೆಯಿಂದ ಹೊರಬಂದಿದ್ದ ಕಡ್ಡಿಯ ತುಂಡನ್ನು, ದಾರ ಸುತ್ತಿದ ತುಂಡನ್ನು, ಕಿತ್ತು ಸೊಂಟಕ್ಕೆ ಸಿಕ್ಕಿಸಿ ಮೇಲೆ ಸೆರಗು ಹೊದ್ದಳು. ಹಾಶಿಮ ಬಂದು ಕೂತು ಚೂರುಗಳನ್ನು ತಿರುವಿದ.

“ಸ್ವಲ್ಪ ಜೋರು ಎಳದ್ರಿ ಆಪಾ. ಆದ್ರೂ... ಹಿಂಗ ಮುರೀಬಾರದಿತ್ತಲ್ಲ. ಕಡ್ಡಿ ತುಂಡು ಎಲ್ಲಿ? ಅದನ್ನ ನೋಡಿದ್ರ ತಿಳೀತಿತ್ತು.”

ಹುಡುಕಲು ಶುರುಮಾಡಿದರು. ಬಿಸಿಲು ಏರಿತ್ತು. ಯಾಸ್ಮೀನ ಮೊಣಕಾಲೂರಿ ಕೂಳೆಯ ಸಾಲುಗಳನ್ನು ಕೈಯಿಂದ ಬಿಡಿಸುತ್ತ ಹೋದಳು. ಕಣ್ಣೀರು ಒರೆಸಿಕೊಂಡ ಕಡೆಯೆಲ್ಲ ಮುಖಕ್ಕೆ ಮಣ್ಣು. ಶಿವಕುಮಾರಿಯೂ ಪಕ್ಕದ ಸಾಲಿನಲ್ಲಿ ಕೂತು ಹುಡುಕಿದಳು. ಬಗ್ಗಿದಾಗಲೆಲ್ಲ ಆ ತುಂಡು ಅವಳ ಸೊಂಟಕ್ಕೆ ಚುಚ್ಚುತ್ತಿತ್ತು. ‘ಇಲ್ಲೂ ಇಲ್ಲ,’ ಎಂದು ಬಾಯಿಬಿಟ್ಟು ಹೇಳುತ್ತಲೂ ಇದ್ದಳು.

ಮರದಡಿ ಬೀಬೀಜಾನ ಸೊಸೆಗೆ ಹಾಶಿಮನೆದುರೇ ಅಂದಳು. “ನಿನ್ನ ಕೈಗುಣಾನ ಹಂಗ. ಚಂದನ್ನ ವಸ್ತು ನಿನ್ನ ಕೈಯಾಗ ಬಾಳಂಗಿಲ್ಲ. ಪಾಪ ಆ ಅಕ್ಕ ಎಷ್ಟು ಕಷ್ಟಬಿದ್ದು ಮಾಡಿದ್ಲು.”

ಲೋಕಲಿನಲ್ಲಿ ಯಾಸ್ಮೀನ ಶಿವಕುಮಾರಿಯ ಕೈ ಹಿಡಿದು ಕೂತಿದ್ದಳು. “ಮಾಫ್ ಮಾಡು ಅಕ್ಕಾ. ನೀ ಪ್ರೀತಿಲೆ ಮೊದಲ ನನಗ ಕೊಟ್ಟಿ. ನಾ ನಿನಗ ಒಂದು ಸುತ್ತೂ ಉಳಸಲಿಲ್ಲ.”

“ಇರಲಿ ಬಿಡವಾ,” ಎಂದಳು ಶಿವಕುಮಾರಿ. ಕ್ಷಮಿಸುವವಳ ದನಿ ಅದು. ಆ ದನಿ ತನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಕೇಳಿ ಅವಳು ಕಿಟಕಿಯಾಚೆ ಮುಖ ತಿರುಗಿಸಿದಳು.

ಮನೆಗೆ ಬಂದು ಮುರಿದ ವಿಮಾನವನ್ನು ಪೆಟ್ಟಿಗೆಗೆ ತುಂಬಿದಳು. ಕಡ್ಡಿಯ ತುಂಡನ್ನು ಕಸಕ್ಕೆ ಹಾಕಲು ಎರಡು ಸಲ ಹೊರಟು ವಾಪಸು ಬಂದಳು. ಹಾಕಲಾಗಲಿಲ್ಲ. ಯಾಕೆಂದು ಅವಳಿಗೂ ತಿಳಿಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅವಳು ಅದನ್ನು ನುಂಗಿಕೊಂಡೇ ಬಿಡುತ್ತಿದ್ದಳೇನೋ. ಆದರೆ ಯಾಸ್ಮೀನಳ ಕೈ ಕೆಟ್ಟಿತು. ಐತಿಹಾಸಿಕ ಸೀರಿಯಲ್ಲೊಂದರ ರಾಣಿಯ ಸೆರಗಿಗೆ ಜರಿ ಅಂಚು ಕೂರಿಸುವ ಕೆಲಸ ಅವಳದು. ಇಡೀ ವಿಭಾಗದಲ್ಲಿ ಅಷ್ಟು ನಯವಾಗಿ ಅದನ್ನು ಮಾಡುವವರು ಬೇರೆ ಇರಲಿಲ್ಲ. ಈಗ ಅವಳು ಒಂದು ಗೇಣು ಹೊಲಿದು ಬಿಚ್ಚುವಳು, ಮತ್ತೆ ಹೊಲಿದು ಮತ್ತೆ ಬಿಚ್ಚುವಳು. ಬೆರಳಿಗೆ ಚುಚ್ಚಿಕೊಂಡು ಜರಿಗೆ ರಕ್ತ ಹತ್ತಿಸಿದಳು. “ನನ್ನ ಕೈಗುಣ ಸರಿ ಇಲ್ಲ ಅಕ್ಕಾ, ಅಮ್ಮಿ ಖರೇನ ಹೇಳ್ತಾಳ,” ಎಂದಳು ಒಂದು ದಿನ, ನಗುವಂತೆ ಮಾಡಿ. ದೂಜ ಎರಡು ದಿನ ನೋಡಿದ. ಮೂರನೆಯ ದಿನ ಸೆರಗನ್ನು ಅವಳ ಮಶೀನಿನಿಂದ ಎತ್ತಿ ತಂದು ಶಿವಕುಮಾರಿಯ ಮುಂದಿಟ್ಟ.

“ನೀವೇ ಮುಗಿಸಿ ಮಾರಾಯ್ತಿ. ಅವಳಿಗೆ ಎಂತದೋ ಆಗಿದೆ. ನಿಮ್ಮ ಕೈಯಾದರೆ ನಂಬಬಹುದು.”

ಎದುರು ಮಶೀನಿನಲ್ಲಿ ಯಾಸ್ಮೀನ ತಲೆ ಎತ್ತಲಿಲ್ಲ. ಸಿಪಾಯಿಗಳ ಪೈಜಾಮದ ರಾಶಿ ಎಳೆದುಕೊಂಡು ಹೊಲಿಯತೊಡಗಿದಳು. ಶಿವಕುಮಾರಿ ಸೆರಗನ್ನು ಮುಟ್ಟದೆ ಸಂಜೆಯವರೆಗೆ ಗುಂಡಿ ಹಚ್ಚುತ್ತ ಕೂತಳು.

ಮರುದಿನ ಊಟದ ಹೊತ್ತಿನಲ್ಲಿ, ಹಿಂದಿನ ಕಬ್ಬಿಣದ ಮೆಟ್ಟಿಲ ಮೇಲೆ, ಅವಳು ಆ ತುಂಡನ್ನು ಯಾಸ್ಮೀನಳ ತೊಡೆಯ ಮೇಲಿಟ್ಟಳು.

“ನೀ ಮುರದಿಲ್ಲ ಯಾಸ್ಮೀನಾ. ನಾ ಮುರದಿದ್ದೆ. ಮೊದಲ.”

ಸೆರಗು, ಕಪಾಟು, ಟೇಪು, ಸೊಂಟಕ್ಕೆ ಸಿಕ್ಕಿಸಿಕೊಂಡದ್ದು, ಎಲ್ಲ ಹೇಳಿದಳು. ಯಾಸ್ಮೀನ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ದಾರದ ಸುತ್ತು ಒಂದಕ್ಕೊಂದು ಅಂಟಿಕೊಂಡು ಎಷ್ಟು ಒಪ್ಪವಾಗಿ ಕೂತಿತ್ತೆಂದರೆ, ಅದು ಯಾರ ಕೈಯದೆಂದು ಆ ವಿಭಾಗದಲ್ಲಿ ಯಾರಾದರೂ ಹೇಳುತ್ತಿದ್ದರು.

“ಇದನ್ನ ಹೊಲದಾಗ ತಗೊಂಡಿ?”

“ಹೂಂ.”

“ಸೊಂಟದಾಗ ಇಟಗೊಂಡು ನನ್ನ ಜೋಡಿ ಹುಡುಕಿದಿ?”

ಶಿವಕುಮಾರಿ ತಲೆಯಾಡಿಸಿದಳು.

“ಮುರದದ್ದು ಬಿಡು. ಯಾರ ಕೈಯಾಗರ ಮುರೀತೈತಿ. ಮುಚ್ಚಿಟ್ಟದ್ದೂ ಬಿಡು. ನಾ ಮಣ್ಣಾಗ ಕೂತು ಅಳಕೋತ ಹುಡುಕೂವಾಗ ನೀನೂ ಬಗ್ಗಿ ಹುಡುಕಿದಿ ಅಲ್ಲ ಅಕ್ಕಾ...” ಯಾಸ್ಮೀನಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. “ಇನ್ನೊಂದು ಹೇಳು. ನೀ ಮೊದಲ ಹಿಡಿ ಅಂದಿ. ಯಾಕ ಅಂದಿ?”

ಹೆದರಿದ್ದೆ ಎನ್ನಬಹುದಿತ್ತು. ನಿನ್ನ ಮೇಲಿನ ಪ್ರೀತಿಗೆ ಎಂದರೂ ನಡೆಯುತ್ತಿತ್ತೇನೋ. ಶಿವಕುಮಾರಿ ಮೆಟ್ಟಿಲ ತುಕ್ಕನ್ನು ನೋಡುತ್ತ ಹೇಳಿದಳು.

“ಮುರದ್ರ ನನ್ನ ಕೈಯಾಗ ಮುರೀಬಾರದು ಅಂತ.”

ಯಾಸ್ಮೀನ ಡಬ್ಬಿಯ ಮುಚ್ಚಳ ಹಾಕಿದಳು. ರೊಟ್ಟಿ ಹಾಗೇ ಉಳಿದಿತ್ತು. “ಅಮ್ಮಿಗೆ ನೀನ ಬಂದು ಹೇಳಬೇಕು,” ಎಂದು ಎದ್ದು ಹೋದಳು.

ಶಿವಕುಮಾರಿ ಆ ಮಧ್ಯಾಹ್ನವೇ ರಾಣಿಯ ಸೆರಗನ್ನು ದೂಜನ ಮೇಜಿಗೆ ಒಯ್ದಳು. “ಇದು ಯಾಸ್ಮೀನಳ ಕೆಲಸ ಮಾಸ್ತರ್. ಆಕಿ ಕೈ ಕೆಟ್ಟಿದ್ದು ನನ್ನಿಂದ. ನಂದೇ ಒಂದು ತಪ್ಪನ್ನ ಆಕಿ ಮ್ಯಾಲ ಹಾಕಿದ್ದೆ.” ದೂಜ ಕನ್ನಡಕದ ಮೇಲಿಂದ ಅವಳನ್ನು ಬಹಳ ಹೊತ್ತು ನೋಡಿದ. ಹೊಸ ಮನುಷ್ಯರನ್ನು ನೋಡುವ ಹಾಗಿತ್ತು ಆ ನೋಟ. ಸೆರಗನ್ನು ಎತ್ತಿಕೊಂಡು ಯಾಸ್ಮೀನಳ ಕಡೆ ನಡೆದ.

ಭಾನುವಾರ ಬೈಕುಲ್ಲಾಕ್ಕೆ ಹೋದಳು. ಮುರಿದ ವಿಮಾನದ ಪೆಟ್ಟಿಗೆಯೂ ಜೊತೆಗಿತ್ತು. ಮೊದಲು ಹಾಶಿಮನ ಅಂಗಡಿ. ಅವನು ಕೇಳಿ ನಿಟ್ಟುಸಿರುಬಿಟ್ಟ. “ಯಾರ ತೆಲಿ ಮ್ಯಾಲರ ಬಿದ್ದಿದ್ರ ಏನ ಗತಿ ಅಕ್ಕಾರ? ನಾನೂ ಹಾರಸೂಕಿಂತ ಮೊದಲ ರೆಕ್ಕಿ ಬಾಗಿಸಿ ನೋಡಬೇಕಿತ್ತು. ಪಟ್ಟಿ ಚಂದ ಕಂಡ್ತು, ಬಿಟ್ಟುಬಿಟ್ಟೆ.” ಯಾರದಾದರೂ ತಲೆಯ ಮೇಲೆ ಬೀಳಬಹುದಿತ್ತು ಎಂಬುದು ಅಲ್ಲಿಯವರೆಗೆ ಅವಳಿಗೆ ಹೊಳೆದೇ ಇರಲಿಲ್ಲ. ಬೀಬೀಜಾನ ಮರದಡಿ ಕೂತಿದ್ದಳಲ್ಲ. ಹೊಸ ಕಡ್ಡಿ ಹಿಡಿದು ಅವಳು ಯಾಸ್ಮೀನಳ ಚಾಳಿನ ಮೆಟ್ಟಿಲು ಹತ್ತಿದಳು.

ಮುದುಕಿ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಯಾಸ್ಮೀನ ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ಶಿವಕುಮಾರಿ ಮಂಚದ ಕಾಲ ಬಳಿ ಕೂತು ಮೆಲ್ಲನೆ ಶುರುಮಾಡಿದಳು.

“ಖಾಲಾ, ಆವತ್ತ ಇಮಾನ ಮುರೀತಲ್ಲ...”

“ಆಂ? ಜೋರಾಗಿ ಹೇಳವಾ. ನನಗ ಕಿವಿ ಕೇಳಂಗಿಲ್ಲ.”

“ಇಮಾನ ಮುರದಾಕಿ ಯಾಸ್ಮೀನ ಅಲ್ಲ!”

“ಯಾರು?”

“ನಾನು!” ಎಂದು ಅವಳು ಕೂಗಬೇಕಾಯಿತು. “ನಾನ ಮುರದಿದ್ದೆ ಖಾಲಾ! ಮುಚ್ಚಿಟ್ಟು ಆಕಿ ಕೈಗೆ ಕೊಟ್ಟೆ!”

ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು ನಿಂತು ಬಾಗಿಲಲ್ಲಿ ಇಣುಕಿದರು. ಎದುರು ಖೋಲಿಯ ಟಿವಿ ಸದ್ದು ತಗ್ಗಿತು. ಬೀಬೀಜಾನ ಬಿಡಲಿಲ್ಲ. ಏನು, ಹೇಗೆ, ಯಾವಾಗ ಎಂದು ಒಂದೊಂದನ್ನೂ ಕೇಳಿದಳು, ಶಿವಕುಮಾರಿ ಒಂದೊಂದನ್ನೂ ಇಡೀ ಚಾಳಿಗೆ ಕೇಳುವಂತೆ ಕೂಗಿ ಹೇಳಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು ಹೇಳುವಾಗ ಅವಳ ದನಿ ಒಡೆಯಿತು. ಅದನ್ನೂ ಮುದುಕಿ ಎರಡು ಸಲ ಹೇಳಿಸಿದಳು.

ಎಲ್ಲ ಮುಗಿದ ಮೇಲೆ ಬೀಬೀಜಾನ ಬೆಳ್ಳುಳ್ಳಿಯ ಸಿಪ್ಪೆ ಊದಿ ಅಂದಳು, “ನೀವು ಹಾರೂದಕ್ಕ ಇಮಾನ ಅಂತೀರಿ. ನಮ್ಮ ಮಾತಿನ್ಯಾಗ ಇಮಾನ ಅಂದ್ರ ಮನಶ್ಯಾನ ನಿಯತ್ತು. ಎರಡೂ ಮುರಕೊಂಡಿ ನೋಡು.” ಮುದುಕಿ ಸ್ವಲ್ಪ ಹೊತ್ತು ತನ್ನಷ್ಟಕ್ಕೇ ಏನೋ ಗೊಣಗಿ, ಕಾಲು ಕೆಳಗೆ ಬಿಟ್ಟು ಗೋಡೆ ಹಿಡಿದು ಎದ್ದಳು. “ಯಾಸ್ಮೀನಾ, ಅತ್ತ ಸರಿ. ಚಾ ನಾ ಇಡ್ತೀನಿ. ನೀ ಕೂಡು.”

ಯಾಸ್ಮೀನ ತಿರುಗಿ ಅತ್ತೆಯ ಮುಖ ನೋಡಿದಳು. ಆ ಮನೆಗೆ ಸೊಸೆಯಾಗಿ ಬಂದಮೇಲೆ ಅತ್ತೆ ಅವಳಿಗೆ ಚಹಾ ಮಾಡಿ ಕೊಟ್ಟದ್ದಿರಲಿಲ್ಲ. ಯಾಸ್ಮೀನ ಬಂದು ಮಂಚದ ತುದಿಯಲ್ಲಿ, ಶಿವಕುಮಾರಿಯಿಂದ ದೂರವಾಗಿ, ಕೂತಳು. ಚಹಾದಲ್ಲಿ ಸಕ್ಕರೆ ಬಹಳವಾಗಿತ್ತು. ಮೂವರೂ ಕುಡಿದರು.

ವಿಮಾನ ಅಲ್ಲೇ ಉಳಿಯಿತು. ಇನ್ನು ಅದು ಬೈಕುಲ್ಲಾದಲ್ಲೇ ಇರಲಿ ಎಂದಳು ಯಾಸ್ಮೀನ. ಮಂಚದ ಕೆಳಗೆ ಜಾಗ ಮಾಡಿದ್ದಳು. ಮತ್ತೆ ಕಟ್ಟುವುದಕ್ಕೆ ಶಿವಕುಮಾರಿ ಬರಬಹುದೆಂದೂ ಹೇಳಿದಳು. ಬಾರೆಂದು ಕರೆಯಲಿಲ್ಲ, ಬರಬಹುದು ಎಂದಳು. ಶಿವಕುಮಾರಿ ಹೋದಳು. ಕೆಂಪು ಟೇಪು ಕಿತ್ತು, ಹಳೆಯ ಅಂಟು ಕೆರೆದು, ರೆಕ್ಕೆಯನ್ನು ಹೊಸದಾಗಿ ಕೂಡಿಸಿದರು. ಶಿವಕುಮಾರಿ ಅಂಟಿಸಿದ ಒಂದೊಂದು ಬೆಸುಗೆಯನ್ನೂ ಯಾಸ್ಮೀನ ಒಣಗಿದ ಮೇಲೆ ತೆಗೆದುಕೊಂಡು ಬಾಗಿಸಿ, ಜಗ್ಗಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮೊದಲು ಹಾಗೆ ಮಾಡುತ್ತಿರಲಿಲ್ಲ. ಅವಳು ನೋಡುವಾಗ ಶಿವಕುಮಾರಿ ಕೈಕಟ್ಟಿ ಕೂತಿರುತ್ತಿದ್ದಳು. ಅಂಟು ಒಣಗಲು ಕಾಯುವಾಗ ಮಾತೂ ಕಡಿಮೆ. ಒಮ್ಮೊಮ್ಮೆ ಸ್ಟುಡಿಯೋದ ಯಾವುದೋ ಸುದ್ದಿಗೆ ಇಬ್ಬರೂ ಒಟ್ಟಿಗೆ ನಕ್ಕುಬಿಡುತ್ತಿದ್ದರು. ನಕ್ಕಮೇಲೆ ಯಾಸ್ಮೀನ ಬೇಗ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಚಳಿ ಕಳೆಯುವ ಹೊತ್ತಿಗೆ ಮತ್ತೆ ಅದೇ ಹೊಲಕ್ಕೆ ಹೋದರು. ಹಾಶಿಮ ಈ ಸಲ ರೆಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ ನೋಡಿಯೇ ತೂರಿದ. ಯಾಸ್ಮೀನ ಹಾರಿಸಿದಳು. ಸುತ್ತು ಬಂದು, ಎಂಟಂಕಿ ಬರೆದು, ಕೂಳೆಯ ಮೇಲೆ ತಾನೇ ಇಳಿಸಿದಳು. ಬೀಬೀಜಾನ ಮರದಡಿಯಿಂದ ಕೂಗಿದ ‘ಶಾಬಾಸ್’ ಪಕ್ಕದ ಹೊಲದವರಿಗೂ ಕೇಳಿಸಿತು. ಬ್ಯಾಟರಿ ಬದಲಿಸಿ ಯಾಸ್ಮೀನ ರಿಮೋಟನ್ನು ಶಿವಕುಮಾರಿಯ ಕಡೆ ಚಾಚಿದಳು.

“ನನಗ ಬ್ಯಾಡವಾ,” ಎಂದಳು ಶಿವಕುಮಾರಿ.

“ಹಿಡಿ. ಇಬ್ಬರದೂ ಐತಿ ಇದು.”

ಅವಳು ಹಿಡಿದಳು. ವಿಮಾನ ಏರಿತು. ಯಾದಗಿರಿಯ ಹೊಲದಲ್ಲಿ ಚಿಕ್ಕಂದಿನಲ್ಲಿ ಗಾಳಿಪಟದ ದಾರ ಕೈಗೆ ಸಿಕ್ಕಾಗ ಆಗುತ್ತಿದ್ದ ಹಾಗೆ ಅಂಗೈಯಲ್ಲಿ ಏನೋ ಜುಮ್ಮೆಂದಿತು, ಒಂದು ಗಳಿಗೆ ಎಲ್ಲ ಮರೆತುಹೋಯಿತು. ಮರುಗಳಿಗೆಗೆ ಅವಳ ಕಣ್ಣು ತಾನಾಗಿಯೇ ಯಾಸ್ಮೀನಳ ಕಡೆ ಹೋಯಿತು. ಯಾಸ್ಮೀನ ಮೇಲೆ ನೋಡುತ್ತಿದ್ದಳು, ರೆಕ್ಕೆಯನ್ನು. “ಮ್ಯಾಲ ನೋಡ್ರಿ ಅಕ್ಕಾರ!” ಎಂದು ಹಾಶಿಮ ಕೂಗಿದ. ನಾಲ್ಕಾರು ಸುತ್ತು ಹಾಕಿ ಅವಳು ರಿಮೋಟನ್ನು ಅವನ ಕೈಗೆ ಕೊಟ್ಟಳು, ಅವನು ಇಳಿಸಿದ.

ಸಂಜೆ ಟಿಟ್ವಾಳಾ ಸ್ಟೇಷನ್ನಿನಲ್ಲಿ ಗದ್ದಲವಿತ್ತು. ಯಾಸ್ಮೀನ ಒಂದು ಕೈಯಲ್ಲಿ ಅತ್ತೆಯನ್ನು, ಇನ್ನೊಂದರಲ್ಲಿ ಚಾದರ ಸುತ್ತಿದ ವಿಮಾನವನ್ನು ಹಿಡಿದು ಹೆಂಗಸರ ಡಬ್ಬಿ ಬರುವ ಕಡೆ ನಡೆಯುತ್ತಿದ್ದಳು.

“ಇಮಾನ ಇತ್ತ ಕೊಡು, ನಾ ಹಿಡೀತೀನಿ,” ಎಂದಳು ಶಿವಕುಮಾರಿ.

ಯಾಸ್ಮೀನ ನಿಂತಳು. ಕೊಡಲೋ ಬೇಡವೋ ಎಂದು ಯೋಚಿಸಿದ್ದು ಮುಖದಲ್ಲಿ ಕಂಡಿತು.

“ನೀ ಅಮ್ಮೀನ ಹಿಡಕೋ ಅಕ್ಕಾ,” ಎಂದಳು ಕೊನೆಗೆ.

ಶಿವಕುಮಾರಿ ಮುದುಕಿಯ ಕೈ ಹಿಡಿದುಕೊಂಡಳು. ಗಾಡಿ ಬಂತು. ಮೊದಲು ಅವರಿಬ್ಬರು ಹತ್ತಿದರು. ಹಿಂದೆ ಯಾಸ್ಮೀನ, ವಿಮಾನವನ್ನು ಎದೆಗೆ ಅವಚಿಕೊಂಡು.